ಹಸಿರು ಪಟ್ಟೆಯ ರೈಲು

ನಮ್ಮತ್ತೆ ನನ್ನ ಜೊತೆ ನೇರವಾಗಿ ಮಾತಾಡಿದ್ದು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ. ಅದೂ ಜಪಾನಿನ ಒಂದು ರೈಲ್ವೆ ಸ್ಟೇಷನ್ನಿನಲ್ಲಿ, ಅದೂ ಬೈಯುವುದಕ್ಕೆ.

ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಅಳಿಯನ ಎದುರಿಗೆ ಬರುವುದಿಲ್ಲ, ಬಂದರೂ ಮಾತಾಡುವುದಿಲ್ಲ. ಈಗಿನ ಅತ್ತೆಯರು ಅಳಿಯನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಆ ಮಾತು ಬೇರೆ. ನಮ್ಮತ್ತೆ ತೂಬಗೆರೆ ಪಕ್ಕದ ಹಳ್ಳಿಯವರು. ಅವರ ಅಮ್ಮ ಹೇಗಿದ್ದರೋ ಇವರೂ ಹಾಗೇ. ನಾನು ಅವರ ಮನೆಗೆ ಹೋದರೆ ಸೆರಗು ತಲೆಯ ಮೇಲೆ ಎಳೆದುಕೊಂಡು ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಾರೆ. ಹೇಳಬೇಕಾದ್ದನ್ನು ನಡುಮನೆಯ ಕಂಬಕ್ಕೆ ಹೇಳುತ್ತಾರೆ.

"ಬಿಸಿಲಲ್ಲಿ ಬಂದವ್ರೆ, ಮಜ್ಜಿಗೆ ಕುಡೀತಾರೇನೋ."

ಕಂಬ ಉತ್ತರ ಕೊಡುವುದಿಲ್ಲವಾದ್ದರಿಂದ ನನ್ನ ಹೆಂಡತಿ ಕೊಡುತ್ತಾಳೆ. "ಕುಡೀತಾರಂತೆ ಕಣಮ್ಮ."

ನಮ್ಮ ಮಗಳು ಹುಟ್ಟಿದಾಗ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಮೂರು ದಿನ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಮಗು ಹೆಣ್ಣು, ತಾಯಿ ಚೆನ್ನಾಗಿದ್ದಾಳೆ, ಬಿಸಿನೀರಿನ ಫ್ಲಾಸ್ಕು ತರಬೇಕು, ಎಲ್ಲವನ್ನೂ ಅವರು ನರ್ಸಮ್ಮನಿಗೆ ಹೇಳಿದರು, ನನಗೆ ಕೇಳಿಸುವಷ್ಟು ಜೋರಾಗಿ. ನರ್ಸಮ್ಮ ಪಾಪ, ನನಗೇ ಯಾಕೆ ಹೇಳ್ತಾರೆ ಇವರು ಅಂತ ಮುಖ ಮುಖ ನೋಡುತ್ತಿದ್ದಳು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲಾರಿಗೆ ಕ್ಲೀನರ್ ಆಗಿ ಸೇರಿದೆ, ಡ್ರೈವರ್ ಆದೆ, ಈಗ ಸ್ವಂತದ್ದು ಎರಡು ಲಾರಿ ಇವೆ. ನಮ್ಮ ಕಡೆಯ ದ್ರಾಕ್ಷಿ, ಟೊಮೆಟೊ, ಹೂಕೋಸು ಹೊತ್ತುಕೊಂಡು ಕಲ್ಕತ್ತಾವರೆಗೂ ಹೋಗಿದ್ದೇನೆ. ಹಿಂದಿ ಅರ್ಧಂಬರ್ಧ, ಬಂಗಾಳಿ ಸೊನ್ನೆ. ಬೋರ್ಡು ಓದಲು ಬಾರದ ಊರಲ್ಲೂ ಬೆಳಗಿನ ಮಾರ್ಕೆಟ್ಟಿಗೆ ಸರಿಯಾದ ಹೊತ್ತಿಗೆ ಲಾರಿ ನಿಲ್ಲಿಸಿದ್ದೇನೆ. ಸೂರ್ಯ ಯಾವ ಕಡೆ ಇದ್ದಾನೆ, ಮುಂದಿನ ಲೋಡ್ ಲಾರಿ ಯಾವ ಕಡೆ ತಿರುಗಿತು, ಇಷ್ಟು ಗೊತ್ತಾದರೆ ನನಗೆ ಸಾಕು. ದಾರಿ ಕೇಳುವುದು ಮಾತ್ರ ನನಗೆ ಆಗಿಬರುವುದಿಲ್ಲ. ಕೇಳಿದ ಕೂಡಲೇ ಎದುರಿನವನು ನಮ್ಮನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡುತ್ತಾನೆ. ಆ ನೋಟ ನನಗೆ ಸ್ಕೂಲಿನಲ್ಲಿ ಚೆನ್ನಾಗಿ ಪರಿಚಯವಾಗಿತ್ತು. ಅದನ್ನು ಮತ್ತೆ ನೋಡಬಾರದೆಂದೇ ಇಷ್ಟು ದುಡಿದದ್ದು.

ಇನ್ನು ಜಪಾನಿನ ವಿಷಯ. ಅತ್ತೆಯ ದೇವರ ಗೂಡಿನ ಪಕ್ಕದಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಇದೆ, ಯಾವುದೋ ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಒಂದು ನದಿ, ಎರಡೂ ದಡದಲ್ಲಿ ಎಲೆಯೇ ಇಲ್ಲದೆ ತಿಳಿ ಗುಲಾಬಿ ಹೂವನ್ನಷ್ಟೇ ಹೊತ್ತು ನಿಂತ ಮರಗಳು. ತಾರೀಖಿನ ಭಾಗ ಕತ್ತರಿಸಿ ಚಿತ್ರ ಉಳಿಸಿಕೊಂಡಿದ್ದರು. ನಾನು ಹೆಣ್ಣು ನೋಡಲು ಹೋದ ದಿನವೂ ಅದು ಅಲ್ಲೇ ಇತ್ತು. ಆಗಾಗ ಅದರ ಮುಂದೆ ನಿಂತು, "ಇದು ಇರೋ ಮರವೋ, ಬರೆದಿದ್ದೋ" ಎಂದು ಗೋಡೆಯನ್ನು ಕೇಳುತ್ತಿದ್ದರು.

ನನ್ನ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ, ಹೊಸಕೋಟೆ ಕಡೆಯ ಒಂದು ಜಪಾನಿ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಡಿಪ್ಲೊಮಾ ಓದಿದವನು, ಚುರುಕು. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಮಾತಿಗೆ ಮುಂಚೆ ನಗುತ್ತಾನೆ. ಅವನಲ್ಲಿ ನನಗೆ ಆಗದೇ ಇರುವುದು ಅದೇ. ಫ್ಯಾಕ್ಟರಿಯವರು ಅವನನ್ನು ಎರಡು ವರ್ಷಕ್ಕೆ ಆ ದೇಶಕ್ಕೆ ಕಳಿಸಿದರು, ನಾದಿನಿಯೂ ಜೊತೆಗೆ ಹೋದಳು. ಹೋದ ಎರಡನೇ ಚಳಿಗಾಲದಲ್ಲಿ ಫೋನು ಬಂತು.

"ಅಣ್ಣ, ಯುಗಾದಿ ಕಳೆದ ಮೇಲೆ ಎಲ್ಲಾರೂ ಬಂದ್ಬಿಡಿ. ಅತ್ತೆ ಕ್ಯಾಲೆಂಡರ್ ಮರ ಇಲ್ಲೇ ಐತೆ. ಒಂದ್ಸಲ ತೋರಿಸ್ಬಿಡಣ."

ದ್ರಾಕ್ಷಿ ಲೋಡಿನ ಕಾಲ, ನನಗೆ ಬಿಡುವಿಲ್ಲ ಎಂದೆ. ಹೆಂಡತಿ ಒಪ್ಪಲಿಲ್ಲ.

"ಅಮ್ಮ ಹುಟ್ಟಿದ ಮೇಲೆ ಕೇಳಿರೋದು ಇದೊಂದೇ ರೀ."

"ಅವರೆಲ್ಲಿ ಕೇಳಿದ್ರು. ಗೋಡೆಗೆ ಹೇಳಿದ್ರು."

"ಗೋಡೆಗೆ ಹೇಳಿದ್ರೂ ಕೇಳಿದ್ದೇ."

ನಮ್ಮಿಬ್ಬರ ಟಿಕೆಟ್ಟು ನಾನೇ ತೆಗೆಸುತ್ತೇನೆ, ಅವನ ದಯೆ ಬೇಡ ಎಂಬ ಷರತ್ತಿನ ಮೇಲೆ ಹೊರಟೆ. ಹೊರಟ ಮೇಲೆ ಗೊತ್ತಾಯಿತು, ಟಿಕೆಟ್ಟು ಒಂದನ್ನು ಬಿಟ್ಟರೆ ಮಿಕ್ಕದ್ದೆಲ್ಲಾ ಅವನ ದಯೆಯೇ. ಬಚ್ಚಲುಮನೆಯ ಗುಂಡಿ ಒತ್ತುವುದರಿಂದ ಹಿಡಿದು ಬಾಗಿಲು ತೆಗೆಯುವವರೆಗೆ ಎಲ್ಲದಕ್ಕೂ "ಅಣ್ಣ, ಹಂಗಲ್ಲ, ಹಿಂಗೆ". ಎರಡು ಲಾರಿಯ ಯಜಮಾನ, ನಲ್ಲಿ ತಿರುಗಿಸಲು ಪಾಠ ಹೇಳಿಸಿಕೊಂಡೆ.

ಮಾವನವರಿಗೆ ಈ ಕಷ್ಟವೇ ಇರಲಿಲ್ಲ. ಅವರು ಎಲ್ಲವನ್ನೂ ಕಿರಿಯಳಿಯನಿಂದ ಮಾಡಿಸಿಕೊಂಡು, ಮಂಡಿ ನೋವು ಎಂದು ಕಾಲು ಚಾಚಿ ಕೂತು, ಕಿಟಕಿಯಿಂದ ಕಂಡ ಪ್ರತಿ ಗದ್ದೆಗೂ "ಇಲ್ಲಿ ಎಕರೆಗೆ ಏನು ರೇಟಂತೆ, ಕೇಳಿ ನೋಡಿ" ಎನ್ನುತ್ತಿದ್ದರು. ನನ್ನ ಷಡ್ಡಕ ನಿಜವಾಗಿಯೂ ಪಕ್ಕದ ಮನೆಯವರನ್ನು ಕೇಳಿಕೊಂಡು ಬಂದ. ಅವನಿಗೆ ಕೇಳುವುದೆಂದರೆ ಅಷ್ಟು ಸಲೀಸು.

ನಾವು ತಲುಪಿದ್ದು ಗುರುವಾರ. ಸೋಮವಾರ ಬೆಳಿಗ್ಗೆ ವಾಪಸು ವಿಮಾನ. ಆ ಹೂವು ಅರಳಿದ ಮೇಲೆ ಒಂದು ವಾರವೂ ಮರದಲ್ಲಿ ನಿಲ್ಲುವುದಿಲ್ಲವಂತೆ, ಅರಳಿ ಆಗಲೇ ಐದು ದಿನವಾಗಿತ್ತು. ಭಾನುವಾರ ಗಾಳಿ ಮಳೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದರು. ಮೇಲಾಗಿ ಭಾನುವಾರ ಷಡ್ಡಕನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಆದ್ದರಿಂದ ಅತ್ತೆ ಹೂವು ನೋಡಬೇಕಾದರೆ ಶನಿವಾರ ಒಂದೇ ದಿನ.

ಶುಕ್ರವಾರ ಸಂಜೆ ಅವನು ನಾಲ್ಕು ಚೀಟಿ ಮಾಡಿಕೊಂಡು ಬಂದ. ಮನೆಯ ವಿಳಾಸ, ಅವನ ಫೋನ್ ನಂಬರು, ಹೂವಿನ ಜಾಗಕ್ಕೆ ಇಳಿಯುವ ಸ್ಟೇಷನ್ನಿನ ಹೆಸರು, ಎಲ್ಲಾ ಅವರ ಲಿಪಿಯಲ್ಲಿ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೆ ತೂಗುಹಾಕಿಕೊಳ್ಳಲು ದಾರ ಬೇರೆ.

"ಅಣ್ಣ, ಅಕಸ್ಮಾತ್ ತಪ್ಪಿಸ್ಕೊಂಡ್ರೆ ಇದನ್ನ ಯಾರಿಗಾದ್ರೂ ತೋರಿಸಿ, ಸಾಕು."

"ನಾನೇನು ಘಾಟಿ ದನದ ಪರಿಷೇಲಿ ಕಳೆದೋಗೋ ಮಗುನಾ?"

"ಅಲ್ಲಣ್ಣ, ಇಲ್ಲಿ ಒಂದೊಂದು ಸ್ಟೇಷನ್ನಲ್ಲಿ ಹತ್ತತ್ತು ಲೈನು—"

"ಕಲ್ಕತ್ತಾ ಕಂಡೋನು ಕಣಯ್ಯ ನಾನು."

ಅವನು ನಕ್ಕ. ಫೋನಿಗೆ ಇಲ್ಲಿಯ ಸಿಮ್ ಹಾಕಿಸಿಕೊಡುತ್ತೇನೆ ಎಂದು ಹಿಂದಿನ ದಿನವೇ ಹೇಳಿದ್ದ, ಅದನ್ನೂ ನಾಲ್ಕು ದಿನಕ್ಕೆ ಯಾಕೆ ಎಂದು ಬೇಡವೆಂದಿದ್ದೆ. ಮಾವನವರು ಚೀಟಿಯನ್ನು ಆಗಲೇ ಕೊರಳಿಗೆ ಹಾಕಿಕೊಂಡರು, ಮಲಗುವಾಗಲೂ ತೆಗೆಯಲಿಲ್ಲ. ಅತ್ತೆ ತಮ್ಮದನ್ನು ಎಲೆಅಡಿಕೆಯ ಸಂಚಿಯೊಳಗೆ ಸೇರಿಸಿದರು. ನನ್ನದನ್ನು ನಾನು ಟಿವಿ ರಿಮೋಟಿನ ಕೆಳಗೆ ಇಟ್ಟು ಮರೆತವನ ಹಾಗೆ ಎದ್ದುಹೋದೆ.

"ನಾಳೆ ನಡುವೆ ಒಂದು ಕಡೆ ರೈಲು ಬದಲಾಯಿಸ್ಬೇಕು. ಅಲ್ಲಿಂದ ಹಸಿರು ಪಟ್ಟೆ ರೈಲು, ಆರನೇ ಸ್ಟೇಷನ್. ಇಷ್ಟೇ," ಎಂದು ಅವನು ಎಲ್ಲರಿಗೂ ಎರಡೆರಡು ಸಲ ಹೇಳಿದ. ಮಾವನವರಿಂದ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿಕೊಂಡ. ಅತ್ತೆ ಗೋಡೆಗೆ ಹೇಳಿಕೊಂಡರು, "ಹಸಿರು ಪಟ್ಟೆ. ಆರು." ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಹೊರಟೆವು. ಅತ್ತೆಗೆ ಸೀರೆಯ ಕೆಳಗೆ ಕಿರಿಮಗಳ ಬಿಳಿ ಬೂಟು. ಚಿತ್ರಾನ್ನ, ಚಪಾತಿ, ನೀರಿನ ಬಾಟಲಿಗಳ ಚೀಲ ನನ್ನ ಹೆಗಲಿಗೆ. ರೈಲು ಬದಲಾಯಿಸುವ ಸ್ಟೇಷನ್ನು ಬಂತು. ಅಲ್ಲಿ ಜನ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ, ನೀರು ಹರಿದ ಹಾಗೆ ಹರಿಯುತ್ತಾರೆ. ಷಡ್ಡಕ ಮುಂದೆ, ಅವನ ಕೈ ಹಿಡಿದು ಮಾವನವರು, ಹಿಂದೆ ಅಕ್ಕತಂಗಿಯರು, ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಚೀಲ ಹೊತ್ತ ನಾನು. ಅಳಿಯನ ಮುಂದೆ ಬಿರಬಿರನೆ ನಡೆಯುವುದು ಮರ್ಯಾದೆಯಲ್ಲ ಎಂದೋ ಏನೋ, ಅವರು ಅಳೆದು ಅಳೆದು ಹೆಜ್ಜೆ ಇಡುತ್ತಿದ್ದರು. ಅವರನ್ನು ದಾಟಿ ಹೋಗುವುದು ನನಗೂ ಮರ್ಯಾದೆಯಲ್ಲ. ಇಬ್ಬರ ಮರ್ಯಾದೆಯೂ ಸೇರಿ ಬಾಗಿಲು ನಮ್ಮ ಮುಖದ ಮುಂದೆ ಮುಚ್ಚಿಕೊಂಡಿತು.

ಗಾಜಿನ ಆಚೆ ಷಡ್ಡಕ ಕೈ ತೋರಿಸಿದ, ಅಲ್ಲೇ ನಿಲ್ಲಿ, ಮುಂದಿನದರಲ್ಲಿ ಬನ್ನಿ ಎಂದು. ಹೆಂಡತಿ ಬಾಯಿ ತೆರೆದು ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ಮಾವನವರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ನೆಂಟರನ್ನು ಬೀಳ್ಕೊಟ್ಟ ಹಾಗೆ ಕೈ ಬೀಸಿಕೊಂಡು ಹೋದರು.

ಒಂದು ನಿಮಿಷವೂ ಆಗಿರಲಿಲ್ಲ, ಪ್ಲಾಟ್‌ಫಾರಮ್ಮಿನ ಆಚೆ ಮಗ್ಗುಲಿಗೆ ಇನ್ನೊಂದು ರೈಲು ಬಂದು ನಿಂತಿತು. ಸೀಟು ಖಾಲಿ. ಮೂತಿಯೂ ಅದೇ ಕಡೆಗೆ. ಅದಕ್ಕೆ ಕಿತ್ತಳೆ ಬಣ್ಣದ ಪಟ್ಟೆ ಇತ್ತು, ನನಗೆ ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ದಾರಿ ಹಿಡಿದ ಬಸ್ಸು ಕೆಂಪಾದರೇನು, ನೀಲಿಯಾದರೇನು, ದೇವನಹಳ್ಳಿಗೇ ಹೋಗುತ್ತದೆ. ಇಲ್ಲಿ ನಿಂತು ಆ ಹುಡುಗ ಹೇಳಿದ ಬಣ್ಣಕ್ಕೆ ಕಾಯುವುದಕ್ಕಿಂತ, ಅವರ ಬೆನ್ನಿಗೇ ಹೋಗಿ ಇಳಿದು "ಏನಯ್ಯಾ, ಬಂದ್ವಿ" ಎನ್ನಬೇಕು ಅನ್ನಿಸಿತು.

ಅತ್ತೆ ಪಕ್ಕದ ಕಬ್ಬಿಣದ ಕಂಬದ ಕಡೆ ತಿರುಗಿದರು.

"ಹಸಿರು ಪಟ್ಟೆದು ಅಂದಂಗಿತ್ತು."

ಸ್ಪಷ್ಟವಾಗಿ ಕೇಳಿಸಿತು. ಊರಲ್ಲಾಗಿದ್ದರೆ ಕಂಬದ ಪರವಾಗಿ ಮಗಳು ಏನಾದರೂ ಹೇಳುತ್ತಿದ್ದಳು. ಇಲ್ಲಿ ಮಗಳಿಲ್ಲ. ಕಂಬವೂ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ನನಗೆ ಹೇಳದ ಮಾತಿಗೆ ನಾನು ಯಾಕೆ ಉತ್ತರ ಕೊಡಲಿ ಎಂದು ಚೀಲ ಎತ್ತಿಕೊಂಡು ಹತ್ತಿದೆ. ಅವರೂ ಹತ್ತಿದರು. ಹತ್ತದೆ ಏನು ಮಾಡುತ್ತಾರೆ.

ರೈಲು ಹೊರಟಿತು. ಮೊದಲನೆಯ ಸ್ಟೇಷನ್ನು ಬಂತು, ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಮೂರು, ನಾಲ್ಕು, ಐದು, ಆರು, ಎಲ್ಲವೂ ಕಿಟಕಿಯಲ್ಲಿ ಗೀಚಿದ ಹಾಗೆ ಹಾದುಹೋದವು. ಅದು ಎಕ್ಸ್‌ಪ್ರೆಸ್ಸು. ಬೆಳಿಗ್ಗೆ ಮನೆಯಿಂದ ಬರುವಾಗ ಬಿಸಿಲು ನಮ್ಮ ಮುಖಕ್ಕಿತ್ತು, ಈಗ ನಿಧಾನವಾಗಿ ತಿರುಗಿ ಬೆನ್ನಿಗೆ ಬಂತು. ಲಾರಿಯಾಗಿದ್ದರೆ ಇಷ್ಟು ಹೊತ್ತಿಗೆ ನಾನು ಬಲಕ್ಕೆ ಹಾಕಿ, ಮುಂದಿನ ಗ್ಯಾಪಿನಲ್ಲಿ ತಿರುಗಿಸಿಬಿಡುತ್ತಿದ್ದೆ. ಇಲ್ಲಿ ಸ್ಟೇರಿಂಗು ಯಾರ ಕೈಯಲ್ಲೋ ಇತ್ತು. ನಾನು ನೆಟ್ಟಗೆ ಕೂತು, ಎಲ್ಲಾ ಲೆಕ್ಕದ ಪ್ರಕಾರವೇ ನಡೆಯುತ್ತಿದೆ ಎಂಬ ಮುಖ ಮಾಡಿಕೊಂಡಿದ್ದೆ.

"ಬಿಸಿಲು ಈ ಕಡೆ ಬಂತು," ಎಂದು ಅತ್ತೆ ಕಿಟಕಿಗೆ ಹೇಳಿದರು.

ಅದೊಂದು ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಲದಲ್ಲಿ ಬಾಳಿದ ಹೆಂಗಸು, ಬಿಸಿಲಿನ ದಿಕ್ಕು ತಿಳಿಯದೇ ಇರುತ್ತದೆಯೇ. ಆದರೆ ಆ ವಿದ್ಯೆ ನನ್ನದು ಎಂದುಕೊಂಡಿದ್ದೆ. ಎದುರಿನ ಸೀಟಿನಲ್ಲಿ ವಯಸ್ಸಾದವರೊಬ್ಬರು ಪುಸ್ತಕ ಹಿಡಿದು ಕೂತಿದ್ದರು. ನಮ್ಮನ್ನು ನೋಡಿ ಎರಡು ಸಲ ತಲೆ ಬಾಗಿಸಿದರು. ಅವರನ್ನು ಕೇಳಬಹುದಿತ್ತು. ನಾನೂ ತಲೆ ಬಾಗಿಸಿ ಕಿಟಕಿಯ ಕಡೆ ತಿರುಗಿದೆ.

ಕೊನೆಗೆ ರೈಲು ಎಲ್ಲೋ ಒಂದು ಕಡೆ ನಿಂತಿತು, ಇಳಿದೆವು. ಚಿಕ್ಕ ಸ್ಟೇಷನ್ನು. ಹಿಂದೆ ಗುಡ್ಡ, ಮುಂದೆ ಕೋಸಿನ ತೋಟ, ನಾಲ್ಕು ಮನೆ. ಹೂವಿನ ಮರ ಒಂದೂ ಇಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಬೆಂಚು, ತಂಪು ಪಾನೀಯದ ಒಂದು ಮೆಷಿನ್, ಗೋಡೆಯ ಮೇಲೆ ರೈಲುಮಾರ್ಗಗಳ ದೊಡ್ಡ ಹಲಗೆ. ಹಲಗೆಯ ತುಂಬ ಬಣ್ಣ ಬಣ್ಣದ ಗೆರೆ, ನೂಲಿನ ಉಂಡೆಯನ್ನು ಬೆಕ್ಕು ಎಳೆದಾಡಿದ ಹಾಗೆ. ಅತ್ತೆ ಬೆಂಚಿನ ಮೇಲೆ ಕೂತು ಬೂಟು ಕಳಚಿದರು. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹಲಗೆಯ ಮುಂದೆ ನಿಂತೆ, ಓದುವವನ ಹಾಗೆ.

ಟೋಪಿ ಹಾಕಿದ ಸ್ಟೇಷನ್ನಿನವನು ಎರಡು ಸಲ ಹಾದುಹೋದ. ಎರಡು ಸಲವೂ ನನ್ನ ಪಕ್ಕ ನಿಧಾನ ಮಾಡಿದ. ಎರಡು ಸಲವೂ ನಾನು, ಎಲ್ಲಾ ತಿಳಿಯಿತು ಮಾರಾಯ, ನೀನು ಹೋಗು ಎಂಬಂತೆ ತಲೆ ಆಡಿಸಿದೆ. ಅವನು ಬಗ್ಗಿ ನಮಸ್ಕಾರ ಮಾಡಿ ತನ್ನ ಕಿಟಕಿಯ ಹಿಂದೆ ಹೋಗಿ ಕೂತ. ವಾಪಸು ದಿಕ್ಕಿಗೆ ಒಂದು ರೈಲು ಬಂದು ಹೋಯಿತು. ಇದೂ ತಪ್ಪಿದರೆ ಏನು ಗತಿ ಎಂದು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ.

"ಹನ್ನೆರಡಾಯ್ತು," ಎಂದರು ಅತ್ತೆ, ಪಾನೀಯದ ಮೆಷಿನ್ನಿಗೆ.

ಸ್ವಲ್ಪ ಹೊತ್ತಿನ ಮೇಲೆ, "ನಾಳೆ ಮಳೆಯಂತೆ."

ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಪ್ಲಾಸ್ಟಿಕ್ ಕವರಿನ ಸದ್ದಾಯಿತು. ಓರೆಗಣ್ಣಿನಿಂದ ನೋಡಿದೆ. ಅವರು ಆ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದರು. ತೊಡೆಯ ಮೇಲೆ ಬಿಡಿಸಿ, ಮಡಿಕೆಯ ಗೆರೆಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದರು. ಅದನ್ನು ಊರಿಂದ ಹೊತ್ತು ತಂದಿದ್ದಾರೆಂದು ಮಗಳಿಗೂ ಗೊತ್ತಿರಲಿಲ್ಲ. ನನಗೆ ಒಂಥರಾ ಆಯಿತು. ಆದರೂ ನನ್ನ ಕಾಲು ಆ ಕಿಟಕಿಯ ಕಡೆ ಎದ್ದು ಹೋಗಲಿಲ್ಲ. ಮತ್ತೆ ಹಲಗೆಯ ಕಡೆ ತಿರುಗಿದೆ.

"ಏನಪ್ಪಾ."

ಯಾರಿಗೋ ಹೇಳಿದ್ದು ಎಂದುಕೊಂಡೆ. ಅಲ್ಲಿ ಯಾರಿದ್ದಾರೆ.

"ನಿಂಗೇ ಹೇಳ್ತಿರೋದು. ಎಷ್ಟೊತ್ತು ನಿಂತಿರ್ತೀಯ ಆ ಹಲಗೆ ಮುಂದೆ? ನಿಂಗೂ ಓದಕ್ಕೆ ಬರಲ್ಲ, ನಂಗೂ ಓದಕ್ಕೆ ಬರಲ್ಲ. ಓದಕ್ಕೆ ಬರೋನು ಟೋಪಿ ಹಾಕ್ಕೊಂಡು ಅಲ್ಲೇ ಕೂತವ್ನೆ. ಹೋಗಿ ಕೇಳು. ಕೇಳಿದ್ರೆ ಮೂಗೇನು ಉದುರೋಗಲ್ಲ."

ತಿರುಗಿ ನೋಡಿದೆ. ಸೆರಗು ತಲೆಯ ಮೇಲಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನನ್ನ ಹೆಂಡತಿ ಸಿಟ್ಟಾದಾಗ ಹೇಗೆ ಕಾಣುತ್ತಾಳೋ ಹಾಗೇ ಇದ್ದರು.

"ಹಸಿರು ಪಟ್ಟೆ ಅಂದೆ. ನಿಂಗೆ ಕೇಳುಸ್ತು. ಕೇಳುಸ್ಲಿಲ್ಲ ಅನ್ಬೇಡ."

"ನೀವು ಕಂಬಕ್ಕೆ ಹೇಳಿದ್ರಿ," ಎಂದೆ.

"ಮೊದ್ಲಿಂದ್ಲೂ ಕಂಬಕ್ಕೇ ಹೇಳ್ತಿರೋದು. ಮಜ್ಜಿಗೆ ಅಂದ್ರೆ ಕೇಳುಸ್ತಿತ್ತು. ಇನ್ನೊಂದು ಮುದ್ದೆ ಅಂದ್ರೆ ಕೇಳುಸ್ತಿತ್ತು. ಪಟ್ಟೆ ಅಂದ್ರೆ ಮಾತ್ರ ಕೇಳುಸ್ಲಿಲ್ವಾ?"

ಅವರು ಸಂಚಿ ಬಿಚ್ಚಿ, ಅಡಿಕೆಯ ನಡುವೆ ಸಿಕ್ಕಿಕೊಂಡಿದ್ದ ಚೀಟಿಯನ್ನು ಎಳೆದು ಬೆಂಚಿನ ಮೇಲೆ ಇಟ್ಟರು. ಸಿಟ್ಟಿನಲ್ಲೂ ಕೈಗೆ ಕೊಡಲಿಲ್ಲ. ಒಂದು ಮೂಲೆಗೆ ಸುಣ್ಣ ಮೆತ್ತಿಕೊಂಡಿತ್ತು.

ಚೀಟಿ ಹಿಡಿದು ಕಿಟಕಿಯ ಹತ್ತಿರ ಹೋದೆ. ಹತ್ತು ಹೆಜ್ಜೆ ಇರಬಹುದು. ತುಂಬಿದ ಲಾರಿಯನ್ನು ಘಾಟಿಯ ಏರಿನಲ್ಲಿ ಮೊದಲನೇ ಗೇರಿನಲ್ಲಿ ಹತ್ತಿಸಿದ ಹಾಗಿತ್ತು. ಆ ನೋಟಕ್ಕೆ ತಯಾರಾಗಿಯೇ ಚೀಟಿಯನ್ನು ಮುಂದಿಟ್ಟೆ. ಅವನು ನನ್ನನ್ನು ನೋಡಲೇ ಇಲ್ಲ. ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದ, ಸುಣ್ಣದ ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನಂಬರು ಸರಿಯಾಗಿ ನೋಡಿಕೊಂಡ, ಫೋನು ಮಾಡಿ ನನ್ನ ಕೈಗೆ ಕೊಟ್ಟ. ಇಷ್ಟಕ್ಕೆ ನಾನು ಒಂದು ಗಂಟೆಗೂ ಮೇಲೆ ನಿಂತಿದ್ದೆ.

ಷಡ್ಡಕ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಅಣ್ಣ, ಎಲ್ಲೂ ಹೋಗ್ಬೇಡಿ. ಅಲ್ಲೇ ಕೂತಿರಿ, ನಾನೇ ಬರ್ತೀನಿ," ಎಂದ. ಅವನು ಬಂದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ದೂರದಲ್ಲಿ ಅವನ ತಲೆ ಕಂಡ ಕೂಡಲೇ ಅತ್ತೆಯ ಸೆರಗು ಮತ್ತೆ ತಲೆಗೇರಿತು.

ಹೂವಿನ ಜಾಗಕ್ಕೆ ಅವತ್ತು ಯಾರೂ ಹೋಗಲಿಲ್ಲ. ನಮ್ಮನ್ನು ಬಿಟ್ಟು ಹೇಗೆ ನೋಡುವುದು ಎಂದು ಮಿಕ್ಕ ಮೂವರೂ ಆರನೇ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೇ ಸಂಜೆಯವರೆಗೆ ಕಾದಿದ್ದರು. ನದಿ ಅಲ್ಲಿಂದ ಐದು ನಿಮಿಷದ ದಾರಿಯಂತೆ, ಆದರೆ ನಾವು ಅಲ್ಲಿ ಸೇರುವಾಗ ಕತ್ತಲು ಕವಿದಿತ್ತು. ಮಾವನವರ ಮಂಡಿ ಊದಿಕೊಂಡಿತ್ತು, ಕೊರಳಲ್ಲಿ ಚೀಟಿ ಹಾಗೇ ನೇತಾಡುತ್ತಿತ್ತು.

"ಅಳಿಯಂದ್ರೇ, ನಾನು ಈ ದೇಶಕ್ಕೆ ಹೂವು ನೋಡಕ್ಕೆ ಬಂದ್ನೋ, ರೈಲು ಎಣಿಸಕ್ಕೆ ಬಂದ್ನೋ? ಮುನ್ನೂರ ಹತ್ತು ಎಣಿಸ್ದೆ."

ಹೆಂಡತಿ ಮನೆ ಸೇರುವವರೆಗೂ ನನ್ನ ಮುಖ ನೋಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು. "ಅಮ್ಮ ಏನಾದ್ರೂ ಅಂದ್ರಾ?"

"ಮೆಷಿನ್ನಿಗೆ ಏನೋ ಹೇಳ್ತಿದ್ರು."

ಊಟಕ್ಕೆ ಕೂತಾಗ ಷಡ್ಡಕನೇ ಮಾತೆತ್ತಿದ. ನಾಳೆ ಶಿಫ್ಟು ಬಿಡಿಸಿಕೊಳ್ಳಲು ಆಗುವುದಿಲ್ಲ, ಮಳೆ ಮಧ್ಯಾಹ್ನಕ್ಕೆ ಜೋರಾಗುತ್ತದಂತೆ, ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷ ಅವನೇ ಅಲ್ಲಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ತಟ್ಟೆ ಸರಿಸಿದೆ. ಎದ್ದು ಹೋಗಿ ಟಿವಿ ರಿಮೋಟಿನ ಕೆಳಗಿದ್ದ ನನ್ನ ಚೀಟಿಯನ್ನು ತೆಗೆದು, ದಾರವನ್ನು ಕೊರಳಿಗೆ ಹಾಕಿಕೊಂಡು ಬಂದು ಕೂತೆ.

"ಆ ಪಟ್ಟೆ ವಿಷಯ ಇನ್ನೊಂದ್ಸಲ ಹೇಳು," ಎಂದೆ.

ಷಡ್ಡಕ ನಗಲಿಲ್ಲ. ಅದಕ್ಕೆ ಅವನಿಗೆ ನಾನು ಋಣಿ. ನಾನೂ ಬರುತ್ತೇನೆ ಎಂದು ಹೆಂಡತಿ ಎದ್ದಳು. ಆಗ ಅಡಿಗೆಮನೆಯ ಕಡೆಯಿಂದ ಫ್ರಿಜ್ಜಿಗೆ ಹೇಳಿದ ಮಾತು ಎಲ್ಲರಿಗೂ ಕೇಳಿಸಿತು.

"ಬ್ಯಾರೆ ಯಾರೂ ಬ್ಯಾಡ. ದಾರಿ ಕೆಡಿಸ್ದೋರೇ ಸರಿ ಮಾಡ್ಲಿ."

ಭಾನುವಾರ ಬೆಳಕು ಹರಿಯುತ್ತಲೇ ನಾವಿಬ್ಬರೂ ಹೊರಟೆವು. ಕೊರಳಲ್ಲಿ ಚೀಟಿ, ಕೈಯಲ್ಲಿ ಷಡ್ಡಕನ ಕೊಡೆ. ಅವತ್ತು ನಾನು ಹನ್ನೊಂದು ಜನರನ್ನು ಕೇಳಿದೆ. ಗೊತ್ತಿದ್ದದ್ದನ್ನೂ ಕೇಳಿದೆ. ಹಸಿರು ಪಟ್ಟೆ ಕಣ್ಣೆದುರಿಗೇ ಇದ್ದರೂ ನೆಲ ಗುಡಿಸುತ್ತಿದ್ದವಳಿಗೆ ಚೀಟಿ ತೋರಿಸಿ, ರೈಲಿನ ಕಡೆ ಬೆರಳು ಮಾಡಿದೆ. ಅವಳು ತಲೆ ಆಡಿಸಿದ ಮೇಲೂ ನಂಬಿಕೆ ಸಾಲದೆ ಪಕ್ಕದವನಿಗೆ ತೋರಿಸಿದೆ. ಒಬ್ಬರೂ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಲಿಲ್ಲ. ಎಲ್ಲರೂ ಚೀಟಿಯನ್ನಷ್ಟೇ ನೋಡಿದರು. ಅತ್ತೆ ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ನಾನು ಕೇಳಿದಾಗಲೆಲ್ಲಾ ಒಂದೊಂದು ಬೆರಳು ಮಡಿಚುತ್ತಿದ್ದರು. ಅದನ್ನು ರೈಲಿನ ಗಾಜಿನಲ್ಲಿ ನೋಡಿ ನನಗೆ ಮೈಯೆಲ್ಲಾ ಉರಿಯಿತು.

ಆರನೇ ಸ್ಟೇಷನ್ನಿನಲ್ಲಿ ಇಳಿಯುವಾಗ ತುಂತುರು ಶುರುವಾಗಿತ್ತು. ಐದು ನಿಮಿಷ ನಡೆದೆವು, ನದಿ ಬಂತು. ಎರಡೂ ದಡಕ್ಕೆ ಮರಗಳು, ಎಲೆ ಇಲ್ಲ, ಬರೀ ಹೂವು. ಗಾಳಿಗೆ ಉದುರುತ್ತಿತ್ತು, ಆದರೆ ಮರದಲ್ಲಿ ಇನ್ನೂ ಬೇಕಾದಷ್ಟು ಇತ್ತು. ಅತ್ತೆ ಸೇತುವೆಯ ಮೇಲೆ ನಿಂತು ಹಾಳೆ ಬಿಡಿಸಿ, ಒಮ್ಮೆ ಅದನ್ನು, ಒಮ್ಮೆ ನದಿಯನ್ನು ನೋಡಿದರು. ಆಮೇಲೆ ಹತ್ತಿರದ ಮರಕ್ಕೆ ಹೋಗಿ ಕಾಂಡಕ್ಕೆ ಅಂಗೈ ಒತ್ತಿದರು, ಹಸುವಿನ ಹೊಟ್ಟೆ ಮುಟ್ಟಿ ನೋಡಿದ ಹಾಗೆ.

"ಇರೋ ಮರಾನೇ," ಎಂದರು ಮರಕ್ಕೆ.

ಆಮೇಲೆ ಸುಮ್ಮನೆ ನಿಂತರು. ಅಳಲೂ ಇಲ್ಲ, ನಗಲೂ ಇಲ್ಲ, ನಿಂತರು, ಅಷ್ಟೇ. ಅತ್ತೆ ಅಳಿಯ ಒಂದೇ ಕೊಡೆಯ ಕೆಳಗೆ ನಿಲ್ಲುವಂತಿಲ್ಲವಲ್ಲ. ನಾನು ಮಾರು ದೂರ ನಿಂತು, ಕೈ ಚಾಚಿ, ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದಿದ್ದೆ. ನನ್ನ ತಲೆಯ ಮೇಲೆ ಮಳೆ. ಅಂಗಿ ಒದ್ದೆಯಾಯಿತು, ಬನಿಯನ್ ಒದ್ದೆಯಾಯಿತು, ಕೈ ಮರಗಟ್ಟಿತು. ಅರ್ಧ ಗಂಟೆ ಕಳೆಯಿತು. ಹೂವು ನೋಡಲು ಎಷ್ಟು ಹೊತ್ತು ಬೇಕು? ಎಲ್ಲಾ ಒಂದೇ ಥರದ ಹೂವು.

"ಹೊರಡಬಹುದೇನೋ," ಎಂದು ನಾನೂ ಮರಕ್ಕೇ ಹೇಳಿದೆ.

"ಇನ್ನೊಂಚೂರು," ಎಂದರು, ಮರದ ಇನ್ನೊಂದು ಮಗ್ಗುಲಿಗೆ.

ಊರಿಗೆ ಬಂದ ಮೇಲೆ ನನಗೆ ಒಂದು ವಾರ ನೆಗಡಿ. ಲೋಡಿಗೆ ಬೇರೆ ಡ್ರೈವರನ್ನು ಕಳಿಸಬೇಕಾಯಿತು. ಅದಾದ ಮೇಲಿನದ್ದು ಇನ್ನೂ ರೇಜಿಗೆ. ಬೈದದ್ದನ್ನು ಅತ್ತೆ ಯಾರಿಗೂ ಹೇಳಲಿಲ್ಲ. ಕಿತ್ತಳೆ ಪಟ್ಟೆಯ ವಿಷಯವನ್ನೂ ಹೇಳಲಿಲ್ಲ. ಅಡಿಗೆಮನೆಯಲ್ಲಿ ಕೂತ ಕೇರಿಯ ಹೆಂಗಸರಿಗೆ ಅವರು ಹೇಳಿದ್ದು ನಡುಮನೆಯಲ್ಲಿದ್ದ ನನಗೆ ಚೆನ್ನಾಗಿ ಕೇಳಿಸಿತು. "ದೊಡ್ಡಳಿಯಂದ್ರು ಕರ್ಕೊಂಡೋಗಿ ತೋರಿಸಿದ್ರು ಕಣ್ರವ್ವ. ಅವರಿಗೆ ಕೇಳಕ್ಕೆ ಒಂದಿಷ್ಟೂ ನಾಚ್ಕೆ ಇಲ್ಲ. ಹನ್ನೊಂದು ಜನುನ್ನ ಕೇಳಿದ್ರು, ನಾನೇ ಎಣಿಸ್ದೆ." ಮೂವತ್ತು ವರ್ಷ ಯಾರನ್ನೂ ದಾರಿ ಕೇಳದೆ ಗಾಡಿ ಓಡಿಸಿದವನಿಗೆ ಈಗ ತೂಬಗೆರೆ ಸುತ್ತಮುತ್ತ ಇರುವ ಹೆಸರು ಇದು. ಮೊನ್ನೆ ಒಂದು ಮದುವೆಮನೆಯಲ್ಲಿ ಯಾರೋ ಮುದುಕರು, "ಜಪಾನಲ್ಲಿ ಕೇಳ್ಕೊಂಡು ಕೇಳ್ಕೊಂಡು ಹೋದೋರು ನೀವೇನಾ?" ಎಂದು ಕೈ ಮುಗಿದರು.

ಹೋದ ವಾರ ಅತ್ತೆಯ ಮನೆಗೆ ಹೋಗಿದ್ದೆ. ಕ್ಯಾಲೆಂಡರಿನ ಹಾಳೆ ದೇವರ ಗೂಡಿನ ಪಕ್ಕ ತನ್ನ ಜಾಗಕ್ಕೆ ವಾಪಸು ಬಂದಿತ್ತು, ನಡುವೆ ಕೂಡಿಸುವ ಗುರುತಿನ ಹಾಗೆ ಮಡಿಕೆ ಬಿದ್ದಿತ್ತು. ಹೆಂಡತಿ ಹಿತ್ತಲಲ್ಲಿದ್ದಳು. ಮಾವನವರು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರು. ಬಾಗಿಲ ಹಿಂದಿನಿಂದ ಮಾತು ಬಂತು.

"ಮಜ್ಜಿಗೆ ಕುಡೀತಾರೇನೋ."

ಉತ್ತರ ಕೊಡಲು ಯಾರೂ ಇರಲಿಲ್ಲ.

"ಕುಡೀತಾರೆ," ಎಂದು ಕಂಬಕ್ಕೆ ಹೇಳಿದೆ.

ಲೋಟ ಬಂತು, ಹೊಸ್ತಿಲ ಮೇಲೆ ಕೂತಿತು. ಎತ್ತಿ ಕುಡಿದರೆ ಸಪ್ಪೆ. ಮುಂಚೆ ಆಗಿದ್ದರೆ ಹಾಗೇ ಕುಡಿದು ಎದ್ದುಬರುತ್ತಿದ್ದೆ.

"ಉಪ್ಪು ಸಾಲದು," ಎಂದೆ.

ಉಪ್ಪು ಬಂತು.